ನಂಬಿದ ದೇವರು, ಒಪ್ಪದ ಮನೆ

(ಸಂಘದ ಉಪನ್ಯಾಸ ಮಾಲೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾವು ನೆಲೆಸಿರುವ ಮಹಾರಾಷ್ಟ್ರದ ಸಾಹಿತ್ಯದಿಂದ ಒಂದು ಪುಸ್ತಕವನ್ನು ಆಯ್ದುಕೊಂಡು, ಅದು ಕನ್ನಡಿಗರಾದ ನಮಗೆ ಏನನ್ನು ಹೇಳುತ್ತದೆ ಎಂಬುದನ್ನು ವಿವರಿಸಬೇಕೆಂದು ಸಂಘದ ಕಾರ್ಯದರ್ಶಿಗಳು ನನಗೆ ಅಪ್ಪಣೆ ಮಾಡಿದರು. ನಾನು ಸಾಹಿತಿಯಲ್ಲ, ಧರ್ಮಶಾಸ್ತ್ರವನ್ನು ಬಲ್ಲವನೂ ಅಲ್ಲ. ಇತಿಹಾಸದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮೂರು ದಶಕಗಳಿಗೂ ಮಿಕ್ಕಿ ಕೇಂದ್ರ ಸರ್ಕಾರದ ಅಂಚೆ ಇಲಾಖೆಯ ಕಡತಗಳ ನಡುವೆ ಕಾಲ ಕಳೆದವನು. ಆದರೂ ಈ ಕರೆಯನ್ನು ನಾನು ಒಪ್ಪಿಕೊಂಡೆ. ಏಕೆಂದರೆ, ನಾನು ಆಯ್ದುಕೊಂಡ ಪುಸ್ತಕ ನನಗೆ ಬರಿಯ ಓದಾಗಿ ಉಳಿದಿಲ್ಲ. ಅದು ನನ್ನ ಮನೆಯ ಒಂದು ಹಳೆಯ ಬಾಕಿಯನ್ನು ನನಗೆ ನೆನಪಿಸಿಕೊಟ್ಟಿತು. ಆ ಬಾಕಿಯ ವಿಚಾರವನ್ನು ಕೊನೆಯಲ್ಲಿ ಹೇಳುತ್ತೇನೆ.

ಪುಸ್ತಕದ ಹೆಸರು ‘ಸ್ಮೃತಿಚಿತ್ರೇ’. ಬರೆದವರು ಲಕ್ಷ್ಮೀಬಾಯಿ ಟಿಳಕ (1868-1936). 1934ರಿಂದ ಭಾಗ ಭಾಗವಾಗಿ ಪ್ರಕಟವಾದ ಈ ಆತ್ಮಕಥೆ ಮರಾಠಿಯ ಅತ್ಯುತ್ತಮ ಆತ್ಮಕಥೆಗಳಲ್ಲೊಂದೆಂದು ಮನ್ನಣೆ ಪಡೆದಿದೆ. ಅವರ ಪತಿ ನಾರಾಯಣ ವಾಮನ ಟಿಳಕರು ಹೆಸರಾಂತ ಕವಿಗಳು. ಲೋಕಮಾನ್ಯ ಟಿಳಕರು ಬೇರೆ, ಇವರು ಬೇರೆ. ಹೂವುಗಳನ್ನೂ ಮಕ್ಕಳನ್ನೂ ಕುರಿತು ಇವರು ಬರೆದ ಕವಿತೆಗಳನ್ನು ಇಲ್ಲಿಯ ಶಾಲೆಗಳಲ್ಲಿ ಓದಿದ ನಮ್ಮ ಮಕ್ಕಳಿಗೆ ಇವರ ಪರಿಚಯ ನಮಗಿಂತ ಹೆಚ್ಚಾಗಿಯೇ ಇರಬಹುದು.

ನಾರಾಯಣರಾಯರು 1861ರಲ್ಲಿ ರತ್ನಾಗಿರಿ ಜಿಲ್ಲೆಯ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಸಂಸ್ಕೃತ ಬಲ್ಲವರು, ಶಿಕ್ಷಕರು, ಪ್ರವಚನಕಾರರು. ಯಾವ ಊರಿನಲ್ಲಿಯೂ ಬಹುಕಾಲ ನಿಲ್ಲದ ಸ್ವಭಾವ. ಹನ್ನೊಂದರ ಹರೆಯದ ಲಕ್ಷ್ಮಿಯನ್ನು ಅವರು ಮದುವೆಯಾದದ್ದು 1880ರಲ್ಲಿ. 1893ರಲ್ಲಿ ರೈಲು ಪ್ರಯಾಣವೊಂದರಲ್ಲಿ ಜತೆಯಾದ ಐರೋಪ್ಯ ಗೃಹಸ್ಥರೊಬ್ಬರು ಅವರ ಕೈಗೆ ಹೊಸ ಒಡಂಬಡಿಕೆಯ ಒಂದು ಪ್ರತಿಯನ್ನು ಕೊಟ್ಟರು. ಏಸುವಿನ ಗಿರಿಪ್ರವಚನವನ್ನು ಓದತೊಡಗಿದ ಟಿಳಕರಿಗೆ ಅದನ್ನು ಬಿಟ್ಟೇಳಲಾಗಲಿಲ್ಲ. ಮುಂದಿನ ಎರಡು ವರ್ಷಗಳ ಕಾಲ ಓದು, ಪತ್ರವ್ಯವಹಾರ ಮತ್ತು ಒಳಗಿನ ತುಮುಲದಲ್ಲಿ ಕಳೆದು, 1895ರ ಫೆಬ್ರವರಿ 10ರಂದು ಮುಂಬಯಿಯಲ್ಲಿ ಅವರು ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಪತ್ನಿ ಅವರ ಬಳಿ ಇರಲಿಲ್ಲ. ಎಳೆಯ ಮಗನೊಡನೆ ಬಂಧುಗಳ ಆಶ್ರಯದಲ್ಲಿದ್ದರು. ಸುದ್ದಿ ಕೇಳಿ ಅವರಿಗೆ ಬುದ್ಧಿಭ್ರಮಣೆಯಾಗುವಷ್ಟು ಆಘಾತವಾಯಿತು. ಆ ನಂತರದ ಸುಮಾರು ಐದು ವರ್ಷಗಳ ಅಗಲಿಕೆಯೇ ಈ ಪುಸ್ತಕದ ಹೃದಯಭಾಗ.

ಮನೆಯವರ ವಿರೋಧವೆಂದರೆ ನಿಜವಾಗಿ ಯಾವುದರ ವಿರೋಧ? ‘ಸ್ಮೃತಿಚಿತ್ರೇ’ಯನ್ನು ಓದುವಾಗ ನನಗೆ ಎದುರಾದ ಮೊದಲ ಪ್ರಶ್ನೆ ಇದು. ಪತಿ ನಂಬಿದ ದೇವರ ಸ್ವರೂಪವೇನು, ಅವನ ಬೋಧನೆಯಲ್ಲಿ ದೋಷವೇನು ಎಂಬ ಚರ್ಚೆ ಆ ಬಂಧುಬಳಗದಲ್ಲಿ ನಡೆದಂತೆ ಕಾಣುವುದಿಲ್ಲ. ಅಲ್ಲಿ ಎದ್ದ ಪ್ರಶ್ನೆಗಳು ಬೇರೆ ತೆರನವು. ಇನ್ನು ಇವರ ಪಂಕ್ತಿಯಲ್ಲಿ ಕುಳಿತುಣ್ಣುವವರು ಯಾರು? ಇವರು ಮುಟ್ಟಿದ ನೀರನ್ನು ಕುಡಿಯಬಹುದೇ? ಮಗನ ಮುಂಜಿಯ ಗತಿಯೇನು? ಗಂಡ ಬದುಕಿರುವಾಗಲೇ ಅಗಲಿ ಬಾಳುವ ಹೆಣ್ಣು ಮುತ್ತೈದೆಯೋ ಅಲ್ಲವೋ? ನಾಲ್ಕು ಜನ ಏನನ್ನುವರು? ದೇವರ ಮೇಲಿನ ಜಗಳದಂತೆ ಹೊರಗೆ ಕಾಣುವುದರ ಮುಕ್ಕಾಲುಪಾಲು ಅಡಿಗೆಮನೆಯ, ನೀರಿನ ಕೊಡದ ಮತ್ತು ಶ್ರಾದ್ಧದ ಎಲೆಯ ಜಗಳವೇ ಆಗಿರುತ್ತದೆ.

ಲಕ್ಷ್ಮೀಬಾಯಿಯವರು ಬೆಳೆದ ಮನೆಯನ್ನು ನೆನೆದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. 1857ರ ಬಂಡಾಯದ ಹಿನ್ನೆಲೆಯಲ್ಲಿ ಅವರ ತಾಯಿಯ ತಂದೆಯನ್ನು ನೇಣಿಗೇರಿಸಲಾಗಿತ್ತು. ಆ ಆಘಾತದಿಂದ ಅವರ ತಂದೆಗೆ ಮಡಿಯ ಹುಚ್ಚು ಹಿಡಿಯಿತು. ಮನೆಗೆ ಬಂದ ಉಪ್ಪನ್ನು ಕೂಡ ತೊಳೆಯದೆ ಒಳಗೆ ತೆಗೆದುಕೊಳ್ಳದಷ್ಟು ಕಠೋರವಾದ ಮಡಿ ಅದು. ತಂದೆಯ ಈ ಅತಿರೇಕವನ್ನು ಲಕ್ಷ್ಮೀಬಾಯಿ ನಗುನಗುತ್ತಲೇ ವರ್ಣಿಸುತ್ತಾರೆ. ಅಂಥ ಮನೆಯ ಮಗಳಿಗೆ ಪತಿಯ ಮತಾಂತರವು ಕಾಲ ಕೆಳಗಿನ ನೆಲವೇ ಸರಿದಂತೆ ಆಗಿದ್ದರೆ ಆಶ್ಚರ್ಯವಿಲ್ಲ. ಆದ್ದರಿಂದ, ಒಪ್ಪದ ಮನೆಯವರನ್ನು ಅಜ್ಞಾನಿಗಳೆಂದು ತಳ್ಳಿಹಾಕುವುದು ಅನ್ಯಾಯ. ಅವರ ಭಯಕ್ಕೂ ಒಂದು ಚರಿತ್ರೆಯಿದೆ.

ಟಿಳಕರು ಈ ವಿರೋಧದ ನಡುವೆ ಹೇಗೆ ನಡೆದುಕೊಂಡರು? ಅವರನ್ನು ದೋಷರಹಿತರೆಂದು ಚಿತ್ರಿಸುವ ಗೋಜಿಗೆ ಲಕ್ಷ್ಮೀಬಾಯಿ ಹೋಗಿಲ್ಲ. ಮುಂಗೋಪಿ, ಕೈಯಲ್ಲಿದ್ದುದನ್ನೆಲ್ಲ ಕಂಡವರಿಗೆ ಕೊಟ್ಟುಬಿಡುವ ದುಂದುಗಾರ, ಸಂಸಾರದ ಪರಿವೆಯಿಲ್ಲದ ಕವಿ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆದರೆ ಎರಡು ವಿಷಯಗಳಲ್ಲಿ ಟಿಳಕರು ಅಚಲರಾಗಿದ್ದರು. ಬಂಧುಗಳ ಒತ್ತಾಯಕ್ಕೆ ಮಣಿದು ತಮ್ಮ ನಂಬಿಕೆಯನ್ನು ಬಿಟ್ಟುಕೊಡಲಿಲ್ಲ. ಹಾಗೆಯೇ ಆ ನಂಬಿಕೆಯ ಹೆಸರಿನಲ್ಲಿ ಹೆಂಡತಿಯನ್ನೂ ಬಿಟ್ಟುಕೊಡಲಿಲ್ಲ. ಅಂದಿನ ಕಾನೂನಿನಂತೆ ಅವರಿಗೆ ಬೇರೆ ದಾರಿಯಿತ್ತು. ಮತಾಂತರದ ಕಾರಣದಿಂದ ತೊರೆದುಹೋದ ಬಾಳಸಂಗಾತಿಯೊಡನೆ ವಿವಾಹ ವಿಚ್ಛೇದನ ಪಡೆಯಲು ಅವಕಾಶ ನೀಡುವ ಕಾಯಿದೆಯೊಂದು 1866ರಲ್ಲಿಯೇ ಜಾರಿಗೆ ಬಂದಿತ್ತು. ಟಿಳಕರು ಆ ಬಾಗಿಲನ್ನು ತಟ್ಟಲಿಲ್ಲ. ಕಾದರು.

ಕಾದುದರ ಫಲ ಒಮ್ಮೆಲೇ ದೊರೆಯಲಿಲ್ಲ. ಲಕ್ಷ್ಮೀಬಾಯಿ ಪತಿಯ ಬಳಿಗೆ ಮರಳಿದರೂ ತಮ್ಮ ಮಡಿಯನ್ನು ಬಿಡಲಿಲ್ಲ. ಅಹಮದನಗರದ, ಅಂದರೆ ಇಂದಿನ ಅಹಿಲ್ಯಾನಗರದ, ಸೀಮೆಯಲ್ಲಿ ಕಳೆದ ಆ ದಿನಗಳಲ್ಲಿ ಅವರ ಅಡಿಗೆ ಬೇರೆ, ಕುಡಿಯುವ ನೀರು ಬೇರೆ. ಪತಿ ಕ್ರೈಸ್ತ, ಪತ್ನಿ ಹಿಂದೂ. ಟಿಳಕರು ಇದಕ್ಕೆ ಅಡ್ಡಿ ಮಾಡಲಿಲ್ಲ. ಮನುಷ್ಯರನ್ನು ಮೇಲು ಕೀಳೆಂದು ವಿಂಗಡಿಸಿದವನು ದೇವರೋ ಮನುಷ್ಯನೋ ಎಂಬ ಪ್ರಶ್ನೆ ಲಕ್ಷ್ಮೀಬಾಯಿಯವರ ಮನಸ್ಸಿನಲ್ಲಿ ತಾನಾಗಿಯೇ ಎದ್ದಿತು. ಜಾತಿ ಮನುಷ್ಯ ಮಾಡಿದ್ದು ಎಂಬ ನಿರ್ಣಯಕ್ಕೆ ಅವರು ಸ್ವಂತ ವಿಚಾರದಿಂದ ಬಂದರು. ಅಂದಿನಿಂದ ಯಾರ ಕೈಯ ನೀರನ್ನಾದರೂ ಕುಡಿಯುವೆನೆಂದು ನಿಶ್ಚಯಿಸಿದರು. ನೀರು ಮೊದಲು ಬಂತು, ದೇವರು ಆಮೇಲೆ. 1900ರಲ್ಲಿ ಅವರು ದೀಕ್ಷಾಸ್ನಾನ ಪಡೆದದ್ದು ಇದರ ನಂತರದ ಮಾತು. ಪತಿಗಾಗಿ ಅವರು ಕ್ರೈಸ್ತರಾದರೆಂದು ಯಾರಾದರೂ ಹೇಳಿದರೆ ಆ ಗಟ್ಟಿಗಿತ್ತಿಗೆ ಅಪಚಾರ ಮಾಡಿದಂತೆ. 1919ರಲ್ಲಿ ಪತಿ ತೀರಿಕೊಂಡ ಮೇಲೆ, ಅವರು ಅರ್ಧದಲ್ಲಿ ಬಿಟ್ಟುಹೋಗಿದ್ದ ‘ಕ್ರಿಸ್ತಾಯನ’ ಕಾವ್ಯವನ್ನು ಶಾಲೆಯ ಮೆಟ್ಟಿಲು ಹತ್ತದ ಈ ತಾಯಿಯೇ ಮುಂದುವರಿಸಿದರು.

ಎಲ್ಲ ಮನೆಗಳ ಕಥೆಯೂ ಹೀಗೆ ಒಂದಾಗುವುದರಲ್ಲಿ ಮುಗಿಯುವುದಿಲ್ಲ. ಇದಕ್ಕೆ ಐವತ್ತು ವರ್ಷಗಳಷ್ಟು ಹಿಂದೆ ನಮ್ಮದೇ ಕರಾವಳಿಯಲ್ಲಿ ನಡೆದ ಪ್ರಸಂಗವೊಂದಿದೆ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟಿತಷ್ಟೆ. ಅದರ ಸಂಪಾದಕರಾದ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರ ಪ್ರಭಾವದಿಂದ ಮರುವರ್ಷವೇ, 1844ರಲ್ಲಿ, ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣ ಇನ್ನಿಬ್ಬರು ಗೆಳೆಯರೊಡನೆ ದೀಕ್ಷಾಸ್ನಾನ ಪಡೆದನು. ವಯಸ್ಸು ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಊರಿನಲ್ಲಿ ದೊಡ್ಡ ಕೋಲಾಹಲವೇ ಆಯಿತು. ಕೌಂಡಿನ್ಯರು ಸ್ವಿಟ್ಜರ್ಲೆಂಡಿನ ಬಾಸೆಲ್ಲಿಗೆ ತೆರಳಿ, ಅಲ್ಲಿ ಶಿಕ್ಷಣ ಪಡೆದು, 1851ರಲ್ಲಿ ಪಾದ್ರಿಯಾಗಿ ಮರಳಿದರು. ಆದರೆ ಬಾಲ್ಯದಲ್ಲಿ ಕೈಹಿಡಿದ ಪತ್ನಿ ಅವರೊಡನೆ ಬಾಳಲು ಬರಲಿಲ್ಲ. 1860ರಲ್ಲಿ ಅವರು ಜರ್ಮನ್ ಮಹಿಳೆಯೊಬ್ಬರನ್ನು ವಿವಾಹವಾದರು. ತವರಿನಲ್ಲಿಯೇ ಉಳಿದ ಆ ಮೊದಲ ಪತ್ನಿ ತನ್ನ ಕಥೆಯನ್ನು ತಾನು ಬರೆದಿದ್ದರೆ ಅದು ಹೇಗಿರುತ್ತಿತ್ತೆಂದು ನಾನು ಹಲವು ಬಾರಿ ಯೋಚಿಸಿದ್ದೇನೆ. ನಂಬಿಕೆಗೆ ನಿಷ್ಠರಾದವರ ಚರಿತ್ರೆಯನ್ನು ನಾವು ಓದುತ್ತೇವೆ. ಆ ನಿಷ್ಠೆಯ ಬೆಲೆಯಲ್ಲಿ ಒಂದು ಪಾಲನ್ನು ಕೊಟ್ಟವರ ಹೆಸರು ಬಹುಮಟ್ಟಿಗೆ ಪುಟದ ಹೊರಗೇ ಉಳಿಯುತ್ತದೆ.

ಇನ್ನೊಂದು ಉದಾಹರಣೆ ಪಂಡಿತಾ ರಮಾಬಾಯಿಯವರದು. ಪುಣೆ ಜಿಲ್ಲೆಯ ಕೇಡಗಾಂವದಲ್ಲಿರುವ ಅವರ ಮುಕ್ತಿ ಮಿಷನ್ನನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅವರು ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ರಮಾಬಾಯಿ ಕ್ರೈಸ್ತರಾಗುವ ಹೊತ್ತಿಗೆ ತಂದೆತಾಯಿ, ಅಣ್ಣ, ಗಂಡ ಎಲ್ಲರೂ ತೀರಿಹೋಗಿದ್ದರು. ಎಳೆಯ ಮಗಳೊಬ್ಬಳೇ ಉಳಿದವಳು. ಅಡ್ಡಿಪಡಿಸಲು ಮನೆಯವರೇ ಇರಲಿಲ್ಲವೆನ್ನೋಣ. ಆದರೆ ಹೊಸದಾಗಿ ಸೇರಿದ ಮನೆಯವರೂ ಅವರನ್ನು ಸುಲಭವಾಗಿ ಒಪ್ಪಲಿಲ್ಲ. ಅವರು ಶಾಕಾಹಾರವನ್ನು ಬಿಡಲೊಲ್ಲರು. ಶಿಲುಬೆಯ ಮೇಲಿನ ಬರಹ ಲ್ಯಾಟಿನ್ನಿನಲ್ಲಿ ಏಕಿರಬೇಕು, ಸಂಸ್ಕೃತದಲ್ಲಿ ಏಕಿರಬಾರದು ಎಂದು ಕೇಳಿದರು. ತಮಗೆ ಮನದಟ್ಟಾಗದ ತತ್ತ್ವವನ್ನು ಗುರುಗಳು ಹೇಳಿದರೆಂಬ ಮಾತ್ರಕ್ಕೆ ಸ್ವೀಕರಿಸಲಾರೆನೆಂದರು. ಅವರ ಧರ್ಮಮಾತೆಯಂತಿದ್ದ ಇಂಗ್ಲಿಷ್ ಸನ್ಯಾಸಿನಿಗೆ ಇದರಿಂದ ಬಹಳ ನೋವಾಯಿತು. ಒಪ್ಪದ ಮನೆ ಹಿಂದೂಗಳದೇ ಆಗಿರಬೇಕೆಂದಿಲ್ಲ ಎಂಬುದಕ್ಕಾಗಿ ಇದನ್ನು ಹೇಳಿದೆ. ಕ್ರೈಸ್ತ ಕುಟುಂಬದ ಹುಡುಗಿ ಅನ್ಯಮತದವನನ್ನು ಮದುವೆಯಾದಾಗ, ಮಗ ಚರ್ಚಿಗೆ ಹೋಗುವುದನ್ನು ನಿಲ್ಲಿಸಿದಾಗ, ಅಲ್ಲಿಯೂ ಬಾಗಿಲುಗಳು ಮುಚ್ಚುತ್ತವೆ.

ಕ್ರೈಸ್ತ ಗ್ರಂಥಗಳಾದರೂ ಈ ಬಗ್ಗೆ ಏನು ಹೇಳುತ್ತವೆ? ಬೈಬಲ್ಲನ್ನು ನಾನು ಭಕ್ತನಾಗಿ ಓದಿದವನಲ್ಲ, ಚರಿತ್ರೆಯ ವಿದ್ಯಾರ್ಥಿಯಾಗಿ ಓದಿದವನು. ತನ್ನ ನಿಮಿತ್ತವಾಗಿ ತಂದೆಗೂ ಮಗನಿಗೂ ಭೇದ ಹುಟ್ಟುವುದೆಂಬ ಕಠಿಣವಾದ ಮಾತನ್ನು ಏಸು ಆಡಿದ್ದುಂಟು. ಮನೆಯವರನ್ನು ತೊರೆದು ಬಂದವರು ಇದನ್ನೇ ನೆನೆಯುತ್ತಾರೆ. ಆದರೆ ಅದೇ ಸುವಾರ್ತೆಗಳಲ್ಲಿ ಬೇರೊಂದು ಪ್ರಸಂಗವಿದೆ. ತಂದೆತಾಯಿಗೆ ಸಲ್ಲಬೇಕಾದುದನ್ನು ‘ಇದು ದೇವರಿಗೆ ಮೀಸಲು’ ಎಂಬ ನೆಪದಿಂದ ತಪ್ಪಿಸುವ ಧರ್ಮಿಷ್ಠರನ್ನು ಏಸು ನೇರವಾಗಿ ಖಂಡಿಸುತ್ತಾನೆ. ಶಿಲುಬೆಯ ಮೇಲಿನ ಯಾತನೆಯಲ್ಲಿಯೂ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸುತ್ತಾನೆ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಸಂತ ಪೌಲನು, ನಂಬದಿರುವ ಪತಿ ಅಥವಾ ಪತ್ನಿ ಜತೆಯಲ್ಲಿ ಬಾಳಲು ಒಪ್ಪಿದರೆ ಅವರನ್ನು ಬಿಡಕೂಡದೆಂದು ಹೇಳುತ್ತಾನೆ. ಅವರಾಗಿಯೇ ಅಗಲಿದರೆ ಬಲವಂತ ಬೇಡ ಎಂಬುದೂ ಅಲ್ಲಿದೆ. ಟಿಳಕರ ಐದು ವರ್ಷಗಳ ನಡತೆಗೆ ಇದಕ್ಕಿಂತ ಒಳ್ಳೆಯ ಭಾಷ್ಯ ಬೇಕಿಲ್ಲ.

ಸರ್ಕಾರಿ ನೌಕರನಾದ ನಾನು ಕಾನೂನಿನ ಮಾತನ್ನು ಆಡದಿದ್ದರೆ ನೀವೇ ಆಕ್ಷೇಪಿಸುವಿರಿ. ಜಾತಿಯನ್ನೋ ಮತವನ್ನೋ ಕಳೆದುಕೊಂಡ ಕಾರಣಕ್ಕಾಗಿ ಯಾರೂ ಆಸ್ತಿಯ ಹಕ್ಕನ್ನು ಕಳೆದುಕೊಳ್ಳಬಾರದೆಂಬ ಕಾಯಿದೆ ನಮ್ಮ ದೇಶದಲ್ಲಿ 1850ರಷ್ಟು ಹಿಂದೆಯೇ ಬಂತು. ಪರಕೀಯರ ಸರ್ಕಾರ ಮಾಡಿದ ಕಾಯಿದೆಯೆಂದು ಅದನ್ನು ಅಂದು ಹಲವರು ಪ್ರತಿಭಟಿಸಿದರು. 1950ರಲ್ಲಿ ಜಾರಿಗೆ ಬಂದದ್ದು ನಾವೇ ರಚಿಸಿಕೊಂಡ ಸಂವಿಧಾನ. ಅದರ 25ನೆಯ ಅನುಚ್ಛೇದವು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಗಳಿಗೆ ಒಳಪಟ್ಟು ಎಲ್ಲರಿಗೂ ಅಂತಃಕರಣದ ಸ್ವಾತಂತ್ರ್ಯವನ್ನು ಕೊಟ್ಟಿದೆ. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 26ನೆಯ ಪ್ರಕರಣವು ಮತಾಂತರದ ನಂತರ ಹುಟ್ಟಿದ ಮಕ್ಕಳ ಬಗ್ಗೆ ಒಂದು ನಿರ್ಬಂಧವನ್ನು ವಿಧಿಸಿದೆ. ಅಂಥ ಮಕ್ಕಳು, ಉತ್ತರಾಧಿಕಾರ ತೆರೆಯುವ ವೇಳೆಗೆ ಹಿಂದೂಗಳಾಗಿರದಿದ್ದರೆ, ಹಿಂದೂ ಬಂಧುಗಳ ಆಸ್ತಿಗೆ ವಾರಸುದಾರರಾಗಲಾರರು. ಆದರೆ ಮತಾಂತರ ಹೊಂದಿದ ಮಗನನ್ನೋ ಮಗಳನ್ನೋ ವಾರಸಿನಿಂದ ಹೊರಗಿಡುವ ಮಾತು ಅದರಲ್ಲಿಲ್ಲ. ಈ ಸೂಕ್ಷ್ಮ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾನು ಏನು ಮಾಡಿದೆನೆಂಬುದೇ ಮೊದಲಿಗೆ ಹೇಳಿದ ಬಾಕಿ. ನನ್ನ ಅಕ್ಕನ ಅನುಮತಿ ಪಡೆದೇ ಇದನ್ನು ಹೇಳುತ್ತಿದ್ದೇನೆ.

ನಮ್ಮದು ಧಾರವಾಡ ಜಿಲ್ಲೆಯ ಒಂದು ಹಳ್ಳಿ. ತಂದೆಯವರು ಶಾಲಾ ಮಾಸ್ತರರು. ಮಡಿ, ಸಂಧ್ಯಾವಂದನೆ, ಏಕಾದಶಿಯ ಮನೆ. ಅಕ್ಕ ನರ್ಸ್ ತರಬೇತಿಗೆ ಹೋದದ್ದೇ ತಂದೆಯವರಿಗೆ ಅರೆಮನಸ್ಸು. 1988ರಲ್ಲಿ ಅವಳು ತಾನು ಕ್ರೈಸ್ತಳಾಗಲು ನಿಶ್ಚಯಿಸಿರುವುದಾಗಿ ತಂದೆಯವರಿಗೆ ಪತ್ರ ಬರೆದಳು. ದೀಕ್ಷಾಸ್ನಾನವಾದ ಮೇಲಲ್ಲ, ಅದಕ್ಕೆ ಮೊದಲೇ. ರಾತ್ರಿಪಾಳಿಯಲ್ಲಿ ಸಾಯುವವರ ಬಳಿ ಕುಳಿತು ಕುಳಿತು ತನ್ನಲ್ಲಿ ಹುಟ್ಟಿದ ನಂಬಿಕೆ ಇದು, ಯಾರೂ ಹೇಳಿಕೊಟ್ಟದ್ದಲ್ಲ ಎಂದು ಬರೆದಿದ್ದಳು. ಅವಳಿಗೆ ಇದರಿಂದ ನೌಕರಿಯಲ್ಲಿ ಬಡ್ತಿ ಸಿಗಲಿಲ್ಲ, ಹಣ ಸಿಗಲಿಲ್ಲ, ವರ ಸಿಗಲಿಲ್ಲ. ಸಿಕ್ಕಿದ್ದು ತಂದೆಯವರ ಮೌನ. ಬಲಾತ್ಕಾರದಿಂದಲೋ ಆಮಿಷದಿಂದಲೋ ಆಗುವ ಮತಾಂತರವನ್ನು ಯಾರೂ ಸಮರ್ಥಿಸಲಾರರು. ಆದರೆ ಪ್ರತಿಯೊಂದು ಮತಾಂತರವನ್ನೂ ಆ ಒಂದೇ ತಕ್ಕಡಿಯಲ್ಲಿಟ್ಟು ತೂಗುವಾಗ ನನಗೆ ಅಕ್ಕನ ಆ ಪತ್ರ ನೆನಪಾಗುತ್ತದೆ.

ಅಕ್ಕ ಪ್ರತಿ ತಿಂಗಳೂ ತಂದೆಯವರ ಹೆಸರಿಗೆ ನೂರು ರೂಪಾಯಿಯ ಮನಿಆರ್ಡರ್ ಕಳಿಸುತ್ತಿದ್ದಳು. ತಂದೆಯವರು ಪ್ರತಿ ತಿಂಗಳೂ ಅದನ್ನು ನಿರಾಕರಿಸಿ ಮರಳಿಸುತ್ತಿದ್ದರು. ಮನಿಆರ್ಡರ್ ಮರಳಿದರೂ ಅದಕ್ಕೆ ಕೊಟ್ಟ ಕಮಿಷನ್ ಮರಳುವುದಿಲ್ಲವೆಂಬುದು 1991ರಲ್ಲಿ ಇಲಾಖೆಗೆ ಸೇರಿದ ನನಗೆ ಗೊತ್ತು. ಹೀಗೆ ಹದಿನೈದು ವರ್ಷ ನಡೆಯಿತು. ಬಹುಕಾಲದ ನಂತರ ಊರಿನ ಪೋಸ್ಟಮನ್ ನನಗೊಂದು ವಿಷಯ ತಿಳಿಸಿದ. ಹಣವನ್ನು ನಿರಾಕರಿಸುವ ಮೊದಲು ತಂದೆಯವರು ಕೂಪನ್ನಿನ ಮೇಲೆ ಅಕ್ಕ ಬರೆದ ಎರಡು ಸಾಲಿನ ಕ್ಷೇಮ ಸಮಾಚಾರವನ್ನು ಕನ್ನಡಕ ತರಿಸಿಕೊಂಡು ಓದುತ್ತಿದ್ದರಂತೆ. ಓದಿ, ‘ವಾಪಸ್ ಕಳಿಸಪಾ’ ಎನ್ನುತ್ತಿದ್ದರಂತೆ.

2003ರಲ್ಲಿ ತಂದೆಯವರು ತೀರಿಕೊಂಡರು. ಸುದ್ದಿ ತಿಳಿದು ಅಕ್ಕ ಬಂದಳು. ಅವಳು ಒಳಗೆ ಬರಕೂಡದೆಂದು ಬಂಧುಗಳಲ್ಲಿ ಹಿರಿಯರು ನುಡಿದರು. ಅಕ್ಕ ಎದುರುಮನೆಯ ಕಟ್ಟೆಯ ಮೇಲೆ ಕುಳಿತಳು. ನಾನು ಕ್ರಿಯೆಗೆ ಕುಳಿತ ಮಗ. ನಾನು ಒಂದು ಮಾತು ಆಡಿದ್ದರೆ ಅವರು ಕೇಳುತ್ತಿದ್ದರೋ ಇಲ್ಲವೋ, ಹೇಳಲಾರೆ. ನಾನು ಆಡಲಿಲ್ಲ. ಮರುವರ್ಷ ಹೊಲಮನೆಯ ವ್ಯವಸ್ಥೆಯಾಗುವಾಗ, ‘ಮತ ಬಿಟ್ಟವಳಿಗೆ ಪಾಲೇನು’ ಎಂದರು. ಅದು ಕಾನೂನಲ್ಲವೆಂದು ಬಲ್ಲ ನಾನೇ ಹಕ್ಕುಬಿಡುಗಡೆ ಪತ್ರವನ್ನು ಬರೆಯಿಸಿದೆ. ಅಕ್ಕ ಬೆಳಗಿನ ಬಸ್ಸಿಗೆ ಬಂದು, ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಹಿ ಮಾಡಿ, ಸಂಜೆಯ ಬಸ್ಸಿಗೆ ಮರಳಿಹೋದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

2011ರಲ್ಲಿ, ಪುಣೆಯಲ್ಲಿ ನನ್ನೊಡನಿದ್ದ ತಾಯಿಯವರಿಗೆ ಪಾರ್ಶ್ವವಾಯು ಬಡಿಯಿತು. ಅಕ್ಕ ಇದ್ದ ನೌಕರಿಯನ್ನು ಬಿಟ್ಟು ಬಂದು ಎಂಟು ತಿಂಗಳು ಶುಶ್ರೂಷೆ ಮಾಡಿದಳು. ಮೊದಲ ವಾರ ತಾಯಿಯವರು ಅವಳ ಕೈಯಿಂದ ಔಷಧ ತೆಗೆದುಕೊಂಡರು, ನೀರನ್ನು ಮಾತ್ರ ನನ್ನ ಹೆಂಡತಿಯ ಕೈಯಿಂದಲೇ ಕುಡಿದರು. ಅಕ್ಕ ಅದಕ್ಕೆ ಏನೂ ಅನ್ನಲಿಲ್ಲ. ಒಂದು ರಾತ್ರಿ ನಾವೆಲ್ಲ ಮಲಗಿರುವಾಗ ತಾಯಿಯವರಿಗೆ ಬಾಯಾರಿತು. ಎಚ್ಚರವಿದ್ದವಳು ಅಕ್ಕ ಒಬ್ಬಳೇ. ‘ನೀರು ಕೊಡವಾ’ ಎಂದರಂತೆ. ಆಮೇಲೆ ಆ ನಿಯಮ ತಾನಾಗಿ ಬಿಟ್ಟುಹೋಯಿತು. ಹಾಗೆಂದು ತಾಯಿಯವರು ಅವಳ ಮತವನ್ನು ಒಪ್ಪಿಕೊಂಡರೆಂದು ನಾನು ಸುಳ್ಳು ಹೇಳಲಾರೆ. ‘ಆ ಒಂದು ವಿಷಯ ನನ್ನ ಮುಂದ ತೆಗೀಬ್ಯಾಡ’ ಎಂದು ಕಡೆಯವರೆಗೂ ಹೇಳುತ್ತಿದ್ದರು. ‘ಆಗಲಿ ಅವ್ವಾ’ ಎನ್ನುವಳು ಅಕ್ಕ. ಭಾನುವಾರ ಒಂದು ಗಂಟೆ ಚರ್ಚಿಗೆ ಹೋಗಿ ಬರುವುದನ್ನು ಮಾತ್ರ ಅವಳು ಒಂದು ವಾರವೂ ತಪ್ಪಿಸಲಿಲ್ಲ. ಮರಳಿದಾಗ ತಾಯಿಯವರು ‘ಹೋಗಿ ಬಂದ್ಯೇನವಾ?’ ಎಂದಷ್ಟೇ ಕೇಳುವರು. ಅದಕ್ಕಿಂತ ಮುಂದೆ ಇಬ್ಬರೂ ಹೋಗಲಿಲ್ಲ.

ನಮ್ಮ ನುಡಿಯಲ್ಲಿ ಹೊಕ್ಕುಬಳಕೆ ಎಂಬ ಒಳ್ಳೆಯ ಮಾತಿದೆ. ಒಪ್ಪಿಗೆ ಬೇರೆ, ಹೊಕ್ಕುಬಳಕೆ ಬೇರೆ. ಮೊದಲನೆಯದು ಇಲ್ಲದಿದ್ದರೂ ಎರಡನೆಯದು ಉಳಿ‌ಯಬಹುದು. ಟಿಳಕ ದಂಪತಿಗಳ ಆ ವರ್ಷಗಳಿಂದಲೂ ನನ್ನ ತಾಯಿ ಮತ್ತು ಅಕ್ಕನ ಆ ಎಂಟು ತಿಂಗಳುಗಳಿಂದಲೂ ನಾನು ಕಲಿತದ್ದು ಇಷ್ಟೇ. ನಂಬಿದವರು ಮನೆಯವರ ಒಪ್ಪಿಗೆಗಾಗಿ ನಂಬಿಕೆಯನ್ನು ಮುಚ್ಚಿಡಬೇಕಾಗಿಲ್ಲ. ಅದನ್ನು ಮೊದಲು ಮನೆಯಲ್ಲಿಯೇ ತಿಳಿಸುವ ಧೈರ್ಯ ಬೇಕು. ಹಳೆಯ ದೇವರನ್ನು ಹೀಯಾಳಿಸದ ಸೌಜನ್ಯ ಬೇಕು. ನಿರಾಕರಿಸಿದರೂ ಮುಂದಿನ ತಿಂಗಳು ಮತ್ತೆ ಮನಿಆರ್ಡರ್ ಕಳಿಸುವ ತಾಳ್ಮೆ ಬೇಕು. ಒಪ್ಪದ ಮನೆಯವರೂ ತಮ್ಮ ಅಸಮ್ಮತಿಯನ್ನು ಬಿಡಬೇಕಾಗಿಲ್ಲ, ಅದು ಅವರ ಅಂತಃಕರಣದ ಸ್ವಾತಂತ್ರ್ಯ. ಆದರೆ ರೋಗಿಯ ಹಾಸಿಗೆಯನ್ನು, ಹೆಣ ಮಲಗಿಸಿದ ಪಡಸಾಲೆಯನ್ನು, ಹೊಲದ ಪಾಲನ್ನು ಆ ಅಸಮ್ಮತಿಯ ಆಯುಧವಾಗಿ ಬಳಸಬಾರದು.

ಹೊರನಾಡಿನಲ್ಲಿ ಬಾಳುವ ನಮಗೆ ಇದು ಅರ್ಥವಾಗದ ವಿಷಯವೇನಲ್ಲ. ಇಲ್ಲಿ ಕನ್ನಡದಿಂದ ಏನು ಪ್ರಯೋಜನವೆಂದು ಮಕ್ಕಳೇ ಕೇಳುವಾಗ, ನೆರೆಹೊರೆಯವರು ನಗುವಾಗ, ಲಾಭನಷ್ಟದ ಲೆಕ್ಕವಿಲ್ಲದೆ ನಾವು ಈ ನುಡಿಯನ್ನು ಮನೆಯಲ್ಲಿ ಉಳಿಸಿಕೊಂಡಿದ್ದೇವೆ. ಒಳಗಿನಿಂದ ಬಂದ ನಿಷ್ಠೆಗೆ ಹೊರಗಿನವರ ಒಪ್ಪಿಗೆ ಬೇಕಾಗಿಲ್ಲವೆಂದು ಬಲ್ಲೆವು. ಭಾನುವಾರ ಕನ್ನಡದಲ್ಲಿಯೇ ಪ್ರಾರ್ಥನೆ ಸಲ್ಲಿಸುವ ಕ್ರೈಸ್ತ ಕನ್ನಡಿಗರು ನಮ್ಮ ನಡುವೆ ಇದ್ದಾರೆ. ಸರ್ವಜ್ಞನ ವಚನಗಳನ್ನು ಊರೂರು ಅಲೆದು ಸಂಗ್ರಹಿಸಿ ನಮಗೆ ಕೊಟ್ಟ ಉತ್ತಂಗಿ ಚನ್ನಪ್ಪನವರು ಕ್ರೈಸ್ತ ಪಾದ್ರಿಗಳು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರನ್ನು ಅಧ್ಯಕ್ಷರನ್ನಾಗಿ ಆರಿಸಿದಾಗ ಕನ್ನಡಿಗರು ಅವರ ಮತವನ್ನು ಕೇಳಲಿಲ್ಲ. ನಮ್ಮ ಸಂಘದ ಬಾಗಿಲೂ ಅಷ್ಟೇ ಅಗಲವಾಗಿರಲಿ.

ಕೆಲವು ವರ್ಷಗಳ ಹಿಂದೆ, ತಡವಾಗಿಯಾದರೂ, ಹೊಲದ ಪಾಲನ್ನು ಅಕ್ಕನ ಹೆಸರಿಗೆ ಮಾಡಿಕೊಡುತ್ತೇನೆಂದು ಹೇಳಿದೆ. ಅವಳು ಸಿಟ್ಟಾಗಲಿಲ್ಲ. ‘ಹೊಲಾ ನೀನ ಇಟಗೋ. ಅವತ್ತ ಅಪ್ಪನ ಮುಂದ ನೀ ಒಂದ ಮಾತ ಆಡಬೇಕಿತ್ತು’ ಎಂದಳು.

ಆ ಒಂದು ಮಾತನ್ನು ನಾನು ಅಂದು ಆಡಲಿಲ್ಲ. ಇಂದು ನಿಮ್ಮೆಲ್ಲರ ಮುಂದೆ ಆಡುತ್ತಿದ್ದೇನೆ: ಅವಳನ್ನು ಒಳಗೆ ಕರೆಯಬೇಕಾಗಿತ್ತು. ನಿಮ್ಮ ಮನೆಗಳಲ್ಲಿ ಅಂಥ ದಿನ ಬಂದರೆ, ಬಂಧುಗಳೇ, ನೀವು ತಡಮಾಡಬೇಡಿ.